ನಡೆದು ಬಂದ ರಕ್ತ

ಭುವನೇಶ್ವರಿ ಹೆದರುವ ಹೆಂಗಸಲ್ಲ. ಭಾಂಡುಪಿನ ಗುಡ್ಡದ ಬುಡದಲ್ಲಿರುವ ಅವಳ ಚಾಳಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ಮಳೆಗಾಲದಲ್ಲಿ ಗುಡ್ಡದಿಂದ ಹಾವು ಇಳಿದು ಬಂದರೆ ಗಂಡಸರೆಲ್ಲ ಕಟ್ಟೆ ಹತ್ತಿ ನಿಂತು ಸಲಹೆ ಕೊಡುತ್ತಾರೆ, ಇವಳು ಕಸಬರಿಗೆ ಹಿಡಿದು ಮುಂದೆ ಹೋಗುತ್ತಾಳೆ. ನಳದ ಸಾಲಿನಲ್ಲಿ ಯಾರಾದರೂ ಕೊಡ ಮುಂದೆ ಸರಿಸಿದರೆ ಅವರ ಏಳು ತಲೆಮಾರನ್ನು ಅಲ್ಲೇ ಜಾಲಾಡಿಸಿ ಕಳಿಸುತ್ತಾಳೆ. ಅಂಥವಳು ಹೋದ ಜನವರಿಯಲ್ಲಿ ಒಂದು ಹಾಳೆಗೆ ಹೆದರಿ, ತುತ್ತು ಗಂಟಲಲ್ಲಿ ಇಳಿಯದೆ ಒದ್ದಾಡಿದಳು ಅಂದರೆ ನಂಬುವುದು ಕಷ್ಟ. ಆದರೆ ಆದದ್ದು ಹಾಗೆಯೇ.

ಆಳಂದದ ಕಡೆಯಿಂದ ಮದುವೆಯಾಗಿ ಮುಂಬಯಿಗೆ ಬಂದಾಗ ಅವಳಿನ್ನೂ ಹುಡುಗಿ. ಈಗ ನಲವತ್ತು ದಾಟಿದೆ. ಗಂಡ ಬಸವಂತರಾಯನದು ಸೆಂಟ್ರಿಂಗ್ ಕೆಲಸ. ಕಟ್ಟಡಕ್ಕೆ ಸ್ಲ್ಯಾಬ್ ಹಾಕುವ ಮೊದಲು ಕೆಳಗೆ ಹಲಗೆ, ಕಬ್ಬಿಣದ ಕಂಬ ಹೊಂದಿಸಿ ನಿಲ್ಲಿಸುವುದು, ಕಾಂಕ್ರೀಟು ಗಟ್ಟಿಯಾದ ಮೇಲೆ ಬಿಚ್ಚುವುದು. ಆಸಾಮಿಗೆ ಮಾತು ಕಡಿಮೆ, ದೇವರು ಇನ್ನೂ ಕಡಿಮೆ. ಗುಡಿಗೆ ಹೋಗೋಣ ಬನ್ನಿ ಎಂದು ಹೆಂಡತಿ ಕರೆದಾಗಲೆಲ್ಲ ಅವನದು ಒಂದೇ ಉತ್ತರ. "ನಾ ದಿನಾ ಹದಿನಾಕ ಮಾಳಿಗಿ ಹತ್ತಿ ಇಳೀತೀನಿ. ಇನ್ನ ಬ್ಯಾರೆ ಯಾತ್ರಾ ಯಾಕ ಬೇಕು?" ಎಂದು ಬೀಡಿ ಹಚ್ಚುವವ.

ಭುವನೇಶ್ವರಿ ಮುಲುಂಡದ ಒಂದು ದೊಡ್ಡ ಹೌಸಿಂಗ್ ಸೊಸೈಟಿಯಲ್ಲಿ ಮೂರು ಮನೆಗೆ ಅಡಿಗೆ ಮಾಡುತ್ತಾಳೆ. ಚಪಾತಿ, ಪಲ್ಯ, ಬೇಳೆ. ಅಲ್ಲಿಯವರು ಅದಕ್ಕೆ ಪೋಳಿ-ಭಾಜಿ ಅನ್ನುತ್ತಾರೆ, ಮಾಡುವವಳನ್ನು ಬಾಯಿ ಅನ್ನುತ್ತಾರೆ. ಇಪ್ಪತ್ತು ವರ್ಷ ಚಪಾತಿ ಲಟ್ಟಿಸಿ ಲಟ್ಟಿಸಿ ಅವಳ ತೋಳು ಗಟ್ಟಿಯಾಗಿವೆ. ಇರುವವಳು ಒಬ್ಬಳೇ ಮಗಳು, ಶಿವಕುಮಾರಿ. ಹನ್ನೆರಡನೇ ಇಯತ್ತೆ, ಸೈನ್ಸು. ಕನ್ನಡ ಅರ್ಥವಾಗುತ್ತದೆ, ಆಡುವಾಗ ಮಾತ್ರ ಅರ್ಧಕ್ಕೆ ಹಿಂದಿಗೆ ಹಾರುತ್ತಾಳೆ. ಆ ಮಗಳು ಪಾಸಾಗಿ ಕಾಲೇಜು ಮುಗಿಸಬೇಕು, ಕೈಯಲ್ಲಿ ಲಟ್ಟಣಿಗೆ ಹಿಡಿಯಬಾರದು ಎನ್ನುವುದೊಂದೇ ಭುವನೇಶ್ವರಿಯ ಹಟ.

ಅದಕ್ಕಾಗಿಯೇ ಹರಕೆ ಹೊತ್ತಳು. ಪಕ್ಕದ ಮನೆಯ ಗುರುಬಾಯಿ ಪ್ರತಿ ಸೋಮವಾರ ರಾತ್ರಿ ಊಟದ ಹೊತ್ತು ಮುಗಿದ ಮೇಲೆ ಒಂದಿಷ್ಟು ಹೆಂಗಸರನ್ನು ಕಟ್ಟಿಕೊಂಡು ಪ್ರಭಾದೇವಿಯ ಸಿದ್ಧಿವಿನಾಯಕನಿಗೆ ಕಾಲ್ನಡಿಗೆಯಲ್ಲಿ ಹೊರಡುತ್ತಾಳೆ. ವಿಕ್ರೋಳಿ, ಘಾಟ್ಕೋಪರ್, ಕುರ್ಲಾ, ಸಾಯನ್, ದಾದರ್ ದಾಟಿ ಮಂಗಳವಾರದ ಮೊದಲ ಆರತಿಗೆ ಮುಟ್ಟುವುದು, ದರ್ಶನ ಮುಗಿಸಿ ಲೋಕಲ್ ಹಿಡಿದು ವಾಪಸು ಬರುವುದು. ಉಪವಾಸ. ಐದು ಮಂಗಳವಾರ ಹೀಗೆ ನಡೆಯುತ್ತೇನೆ, ಮಗಳ ಪರೀಕ್ಷೆ ಪಾರು ಮಾಡಪ್ಪಾ ಎಂದು ಭುವನೇಶ್ವರಿ ಕೈ ಮುಗಿದಳು.

ಮೊದಲ ಮಂಗಳವಾರವೇ ಸೊಸೈಟಿಯಲ್ಲಿ ಆರೋಗ್ಯ ಶಿಬಿರ ಬಿತ್ತು. ಕೆಲಸದ ಬಾಯಿಗಳು, ವಾಚಮನ್ನರು, ಕಾರು ತೊಳೆಯುವವರು ಎಲ್ಲರಿಗೂ ಪುಕ್ಕಟೆ ರಕ್ತ ತಪಾಸಣೆ, ಖಾಲಿ ಹೊಟ್ಟೆಯಲ್ಲಿ ಬರಬೇಕು. ತಪ್ಪು ಆದದ್ದು ಇಲ್ಲಿ ನೋಡಿ. ಹೇಗೂ ಉಪವಾಸ ಇದ್ದೇನಲ್ಲ, ಇನ್ನೊಂದು ದಿನ ಬೇರೆ ಹೊಟ್ಟೆ ಕಟ್ಟುವುದೇಕೆ ಅಂದುಕೊಂಡಳು ಭುವನೇಶ್ವರಿ. ದಾದರಿನಲ್ಲಿ ಲೋಕಲ್ ಹತ್ತಿದವಳು ಭಾಂಡುಪಿನಲ್ಲಿ ಇಳಿಯಲೇ ಇಲ್ಲ, ಸೀದಾ ಮುಲುಂಡಕ್ಕೆ ಹೋಗಿ ಕೈ ಚಾಚಿ ಕೂತಳು. ಇದನ್ನು ದಡ್ಡತನ ಅನ್ನಬೇಡಿ. ಅರ್ಧ ದಿನ ರಜೆ ಕೇಳಿದರೆ ಮುಖ ಊದಿಸುವ ಮನೆಗಳಲ್ಲಿ ದುಡಿಯುವವಳಿಗೆ ಒಂದೇ ಉಪವಾಸದಲ್ಲಿ ಎರಡು ಕೆಲಸ ಮುಗಿದರೆ ಅದೇ ಜಾಣತನ.

ರಕ್ತ ತೆಗೆಯುವ ಹುಡುಗ ಸುಹಾಸ ಮರಾಠಿಯಲ್ಲಿ ಕೇಳಿದ್ದು ಒಂದೇ ಮಾತು, ತಿಂಡಿ ಆಯಿತೇ ಎಂದು. "ಮಾವಶೀ, ನಾಷ್ಟಾ ಝಾಲಾ ಕಾ?"

"ನಾಹೀ ರೇ, ಉಪಾಸ್ ಆಹೇ," ಅಂದಳು.

ಅವನಿಗೆ ಸಮಾಧಾನವಾಯಿತು, ಸೂಜಿ ಚುಚ್ಚಿದ. ರಾತ್ರಿಯಿಡೀ ಊರಗಲ ನಡೆದು ಬಂದಿದ್ದೀಯಾ ಎಂದು ಯಾರು ತಾನೇ ಕೇಳುತ್ತಾರೆ? ಮೇಜಿನ ಹತ್ತಿರ ಕೂತ ಹುಡುಗಿ ಮೊಬೈಲ್ ನಂಬರ್ ಕೇಳಿದಾಗ ಭುವನೇಶ್ವರಿ ಗ್ಯಾಸಿಗೆ, ರೇಷನ್ನಿಗೆ, ಮಗಳ ಶಾಲೆಗೆ ಕೊಡುವ ಹಾಗೆಯೇ ಗಂಡನ ನಂಬರ್ ಹೇಳಿ ಎದ್ದು ಬಂದಳು.

ಶುಕ್ರವಾರ ಸೊಸೈಟಿಯ ಆಫೀಸಿನಲ್ಲಿ ಲಕೋಟೆ ಕೊಟ್ಟರು. ವಾಪಸು ಬರುವಾಗ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕ ಖುಷಿಯಲ್ಲಿ ಅದನ್ನು ಒಡೆದಳು. ಅವಳಿಗೆ ಇಂಗ್ಲಿಷು ಬರುವುದಿಲ್ಲ. ಆದರೆ ಆ ಹಾಳೆಯಲ್ಲಿ ಒಂದು ಸಾಲು ಮಾತ್ರ ಅವಳಿಗೆ ಓದಲು ಬರುತ್ತಿತ್ತು. ಡಬ್ಲ್ಯೂ, ಬಿ, ಸಿ. ಅದರ ಮುಂದೆ ದಪ್ಪ ಅಕ್ಷರದಲ್ಲಿ ಹದಿನಾಲ್ಕು ಸಾವಿರ ಚಿಲ್ಲರೆ.

ನಾಹೂರ್ ಬಂತು, ಹೋಯಿತು. ಭಾಂಡುಪ್ ಬಂದಾಗ ಪಕ್ಕದ ಹೆಂಗಸು "ಉತರ್ನಾ ಹೈ ಕ್ಯಾ?" ಎಂದು ತಟ್ಟದಿದ್ದರೆ ಅವಳು ಆ ಸೀಟಿನಲ್ಲೇ ಕೂತಿರುತ್ತಿದ್ದಳೇನೋ.

ಆ ಮೂರು ಅಕ್ಷರ ಅವಳಿಗೆ ಕಲಿಸಿದವನು ತಮ್ಮ ಅನಿಲ. ಠಾಣೆಯಲ್ಲಿ ನೆಲದ ಫರಸಿಗೆ ಪಾಲಿಶ್ ಹೊಡೆಯುತ್ತಿದ್ದ ಗಟ್ಟಿಮುಟ್ಟು ಹುಡುಗ. ಒಂದು ಬೇಸಿಗೆಯಲ್ಲಿ ಜ್ವರ ಬಂತು, ಬಿಡಲಿಲ್ಲ. ಮೊದಲ ರಿಪೋರ್ಟಿನ ಆ ಸಾಲಿನಲ್ಲಿ ರಕ್ತದ ಬಿಳಿ ಕಣ ಹದಿನೈದು ಸಾವಿರ. ಏನೋ ಇನ್ಫೆಕ್ಷನ್ ಅಂದರು. ತಿಂಗಳೊಳಗೆ ಅದು ಲಕ್ಷ ದಾಟಿತು. ರಕ್ತದ ಕ್ಯಾನ್ಸರ್. ಪರೇಲಿನ ದೊಡ್ಡ ಆಸ್ಪತ್ರೆಯ ಹೊರಗೆ ಫುಟ್‌ಪಾತಿನ ಮೇಲೆ ತಾಡಪತ್ರಿ ಹಾಸಿಕೊಂಡು ಅಕ್ಕ ಭಾವ ಇಬ್ಬರೂ ಬಿದ್ದಿದ್ದರು. ದಿನಾ ಬೆಳಿಗ್ಗೆ ರಿಪೋರ್ಟು ಬಂದ ಕೂಡಲೇ ಅನಿಲ ಹಾಸಿಗೆಯಿಂದಲೇ ಬೆರಳಿಟ್ಟು ತೋರಿಸುತ್ತಿದ್ದ. "ಅಕ್ಕಾ, ಇದೊಂದ ಸಾಲ ನೋಡು. ಇದು ಇಳದ್ರ ನಾ ಮನಿಗಿ ಬರ್ತೀನಿ." ಅದು ಇಳಿಯಲಿಲ್ಲ. ಅವನು ಬರಲಿಲ್ಲ.

ಮನೆಗೆ ಬಂದವಳೇ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಳದ ಹಿಟ್ಟಿನ ಡಬ್ಬಿಯ ತಳಕ್ಕೆ ತುರುಕಿದಳು. ಆ ಡಬ್ಬಿಗೆ ಅವಳ ಕೈ ಬಿಟ್ಟರೆ ಬೇರೆ ಕೈ ಹೋಗುವುದಿಲ್ಲ. ಯಾರಿಗೂ ಹೇಳಬಾರದು ಎಂದು ಆ ಕ್ಷಣವೇ ತೀರ್ಮಾನಿಸಿದಳು. ಹೇಳಿದರೆ ಶಿವು ಪುಸ್ತಕ ಮುಚ್ಚಿಡುತ್ತಾಳೆ. ಗಂಡ ಕೆಲಸ ಬಿಟ್ಟು ಮತ್ತೆ ಆ ಫುಟ್‌ಪಾತಿನ ಮೇಲೆ ತಾಡಪತ್ರಿ ಹಾಸುತ್ತಾನೆ. ಪರೀಕ್ಷೆ ಮುಗಿಯುವವರೆಗೆ ಬಾಯಿ ಹೊಲಿದುಕೊಂಡಿರಬೇಕು, ಆಮೇಲೆ ಏನಾದರಾಗಲಿ.

ಅಯ್ಯೋ, ಹೆದರಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಬೆಳಿಗ್ಗೆ ಹಲ್ಲುಜ್ಜಿದಾಗ ಉಗುಳಿದ್ದನ್ನು ಬಗ್ಗಿ ನೋಡುವಳು, ಒಸಡಿನಲ್ಲಿ ರಕ್ತ ಇದೆಯೇ ಎಂದು. ಬಚ್ಚಲಿನಲ್ಲಿ ಮೈಯೆಲ್ಲ ತಡವಿ ತಡವಿ ನೋಡುವಳು. ತೊಡೆಯ ಮೇಲೆ ಒಂದು ಕಡೆ ನೀಲಿಗಟ್ಟಿತ್ತು. ಅಡಿಗೆಕಟ್ಟೆ ತಾಗಿದ್ದು ಎಂದು ಅವಳಿಗೆ ಚೆನ್ನಾಗಿ ನೆನಪಿತ್ತು, ಆದರೂ ನಂಬಿಕೆ ಬರಲಿಲ್ಲ. ಅನಿಲನಿಗೂ ಹೀಗೇ ನೀಲಿಗಟ್ಟುತ್ತಿತ್ತು. ಚಪಾತಿ ಲಟ್ಟಿಸುವಾಗ ಕೈ ನಿಂತುಬಿಡುತ್ತಿತ್ತು, ಮುಲುಂಡದ ಮನೆಯೊಡತಿ "ಬಾಯಿ, ತವಾ ಜಲ್ ರಹಾ ಹೈ!" ಎಂದು ಕೂಗಿದಾಗ ಎಚ್ಚರ.

ಭಾನುವಾರ ಇದ್ದಕ್ಕಿದ್ದಂತೆ ಮಗಳ ಕೈಯಿಂದ ಪುಸ್ತಕ ಕಿತ್ತಿಟ್ಟು, "ಬಾ ಇಲ್ಲಿ, ರೊಟ್ಟಿ ಬಡಿಯೋದು ಕಲಿ," ಅಂದಳು. ಲಟ್ಟಣಿಗೆ ಮುಟ್ಟಬಾರದು ಎಂದು ಹದಿನೇಳು ವರ್ಷ ಹೇಳಿದ ಬಾಯಿಯೇ ಹಾಗೆ ಅಂದದ್ದು ಕೇಳಿ ಶಿವು ಕಣ್ಣು ಪಿಳಿಪಿಳಿ ಬಿಟ್ಟಳು.

"ಮಮ್ಮಿ, ಮೇರಾ ಎಕ್ಸಾಮ್ ಹೈ ನಾ! ಈಗ ಯಾಕ ರೊಟ್ಟಿ?"

"ಯಾಕಂದ್ರ? ನಾಳಿ ನಾ ಇಲ್ಲಂದ್ರ ನಿಮ್ಮಪ್ಪಗ ಯಾರ ಮಾಡಿ ಹಾಕ್ತಾರ? ಹಿಟ್ಟ ಹಿಂಗ ನಾದ್ತಾರೇನ? ನೀರ ಸುರುವು. ಕೈಯಾಗ ಜೀವ ಇಲ್ಲೇನ ನಿನಗ?"

ಬೈಯುತ್ತ ಬೈಯುತ್ತಲೇ ಹಿಟ್ಟಿನ ಧೂಳು ಕಣ್ಣಿಗೆ ಹೋಯಿತೆಂದು ಸೆರಗಿನಿಂದ ಒರೆಸಿಕೊಂಡಳು. ಮೂಲೆಯಲ್ಲಿ ಕೂತಿದ್ದ ಬಸವಂತರಾಯ ಹೆಂಡತಿಯ ಮುಖವನ್ನೇ ನೋಡುತ್ತಿದ್ದವನು ತಟ್ಟನೆ ಎದ್ದು ಹೊರಗೆ ಹೋದ. ಬೀಡಿಗೆ ಹೋದ ಅಂದುಕೊಂಡಳು.

ಎರಡನೇ ಸೋಮವಾರ ಚಪ್ಪಲಿ ಬಿಟ್ಟು ಹೊರಟಳು. ಈ ಸಲ ನೀರನ್ನೂ ಮುಟ್ಟುವುದಿಲ್ಲ ಎಂದು ಶಪಥ. ಗುರುಬಾಯಿ ಹಿಂದಿನಿಂದ "ಏ ಭುವನಾ, ಗಣಪತಿ ಎಲ್ಲಿ ಓಡಿ ಹೊಂಟಿಲ್ಲ, ಮೆಲ್ಲಕ ನಡಿ!" ಎಂದು ಕೂಗಿದರೂ ಅವಳು ಗುಂಪಿಗಿಂತ ಮುಂದೆ ಮುಂದೆ ಹೋಗುತ್ತಿದ್ದಳು. ಕುರ್ಲಾದಲ್ಲಿ ಹಿಮ್ಮಡಿಯ ಬೊಬ್ಬೆ ಒಡೆಯಿತು, ಸಾಯನ್ನಿನ ಹೊತ್ತಿಗೆ ಪ್ರತಿ ಹೆಜ್ಜೆಗೂ ಜೀವ ಬಾಯಿಗೆ ಬರುತ್ತಿತ್ತು. ನಿಲ್ಲಲಿಲ್ಲ. ದೇವರ ಮುಂದೆ ನಿಂತಾಗ ಮಗಳ ಪರೀಕ್ಷೆಯ ಮಾತು ಬಾಯಿಗೆ ಬರಲೇ ಇಲ್ಲ. ನನ್ನ ರಕ್ತ ಒಂದು ನೆಟ್ಟಗೆ ಮಾಡಪ್ಪಾ ಎಂದಷ್ಟೇ ಬಂತು. ಹಾಗೆ ಬೇಡಿಕೊಂಡದ್ದಕ್ಕೆ ನಾಚಿಕೆಯಾಯಿತು, ಇನ್ನೊಂದು ಹೆದರಿಕೆ ಸೇರಿಕೊಂಡಿತು. ಮಗಳ ಹರಕೆಯನ್ನು ತನಗಾಗಿ ತಿರುಗಿಸಿಕೊಂಡರೆ ದೇವರು ಸುಮ್ಮನಿರುತ್ತಾನೆಯೇ?

ದರ್ಶನ ಮುಗಿಸಿ ಲೋಕಲ್ ಇಳಿದವಳೇ ಅವತ್ತು ಬೆಳಿಗ್ಗೆ ಭಾಂಡುಪ್ ಸ್ಟೇಶನ್ನಿನ ಹತ್ತಿರದ ಸಣ್ಣ ಲ್ಯಾಬಿಗೆ ನುಗ್ಗಿದಳು. ಇಷ್ಟು ಕಠಿಣ ನಡೆದ ಮೇಲೆ ದೇವರು ಕೇಳಿರಲೇಬೇಕು, ಹೊಟ್ಟೆಯೂ ಖಾಲಿ ಇದೆ, ಈಗಲೇ ನೋಡಿಬಿಡೋಣ ಎಂದು. ಸಂಜೆ ಹಾಳೆ ಕೈಗೆ ಬಂತು. ಆ ಸಾಲಿನಲ್ಲಿ ಹದಿನೇಳು ಸಾವಿರ. ಲ್ಯಾಬಿನ ಮೆಟ್ಟಿಲ ಮೇಲೇ ಕುಸಿದು ಕೂತಳು. ಒಂದು ವಾರದಲ್ಲಿ ಏರಿದೆ. ಅನಿಲನದೂ ಹೀಗೇ ಏರಿತ್ತು.

ಆಮೇಲಿನ ದಿನಗಳಲ್ಲಿ ಅವಳು ಲೋಕಲ್ ಹತ್ತುವುದನ್ನೇ ಬಿಟ್ಟಳು. ಮುಲುಂಡಕ್ಕೂ ಬರಿಗಾಲಲ್ಲೇ ನಡೆದು ಹೋಗುವುದು, ನಡೆದು ಬರುವುದು. ಕಾಲು ಸವೆದಷ್ಟೂ ದೇವರು ಕರಗುತ್ತಾನೆ ಎನ್ನುವ ಆಸೆ. ಹೆದರಿದವರ ಲೆಕ್ಕಾಚಾರ ಹೀಗೇ ಇರುತ್ತದೆ, ನಗಬೇಡಿ.

ಶನಿವಾರ ಸಂಜೆ ದಾರಿಯಲ್ಲಿ ಹಿಮ್ಮಡಿ ಸಿಡಿಯತೊಡಗಿ ಹೆಜ್ಜೆ ಇಡಲಾಗದಾಯಿತು. ಸ್ಟೇಶನ್ ಗಲ್ಲಿಯಲ್ಲಿ ಡಾಕ್ಟರ್ ಅಂಜುಮಳ ದವಾಖಾನೆ ಇತ್ತು. ಅಂಜುಮಳ ತಂದೆ ವಿಜಯಪುರದ ಕಡೆಯವರು, ಧಾರಾವಿಯಲ್ಲಿ ಚರ್ಮದ ಚೀಲ ಹೊಲಿದು ಮಗಳನ್ನು ಓದಿಸಿದವರು. ಹಾಗಾಗಿ ನಮ್ಮ ಕಡೆಯ ಹೆಂಗಸರೆಲ್ಲ ಕೆಮ್ಮಿದರೂ ಅಲ್ಲಿಗೇ ಹೋಗುತ್ತಾರೆ. ಒಳಗೆ ಹೋದ ಭುವನೇಶ್ವರಿ ಕುರ್ಚಿಯ ತುದಿಯಲ್ಲಿ ಕೂತು, ಕಾಲಿನ ವಿಷಯ ಹೇಳುವ ಬದಲು, ಹಿಂದಿನ ವಾರದಿಂದ ಎದೆಯೊಳಗೆ ಕಟ್ಟಿಟ್ಟುಕೊಂಡದ್ದನ್ನು ಹೊರಗೆ ಹಾಕಿದಳು.

"ಡಾಕ್ಟರ್ ಬಾಯಿ, ನನಗ ಬ್ಲಡ್ ಕ್ಯಾನ್ಸರ್ ಆಗ್ಯದ್ರಿ. ನನ್ನ ಮನ್ಯಾಗ ಹೇಳಬ್ಯಾಡ್ರಿ. ಮಗಳ ಪರೀಕ್ಷಾ ಮುಗಿಯೋತನಾ ನನಗ ಜೀವ ಹಿಡಿಯೋ ಗುಳಿಗಿ ಏನರ ಕೊಡ್ರಿ."

ಅಂಜುಮ ಪೆನ್ನು ಕೆಳಗಿಟ್ಟಳು. "ಅರೆ ಅಕ್ಕಾ, ಯಾರ ಹೇಳಿದ್ರು?"

ಭುವನೇಶ್ವರಿ ಕುಪ್ಪಸದೊಳಗಿಂದ ಎರಡೂ ಹಾಳೆ ತೆಗೆದಳು. ಅವತ್ತು ಬೆಳಿಗ್ಗೆ, ಯಾಕೋ ಮನೆಯಲ್ಲಿ ಬಿಡಲು ಧೈರ್ಯ ಸಾಲದೆ, ಮೊದಲ ಹಾಳೆಯನ್ನೂ ಹಿಟ್ಟಿನ ಡಬ್ಬಿಯಿಂದ ಎತ್ತಿಕೊಂಡು ಬಂದಿದ್ದಳು. ಡಾಕ್ಟರು ಓದಿದಳು. ಜ್ವರ ಇದೆಯೇ, ತೂಕ ಇಳಿದಿದೆಯೇ, ಒಸಡಲ್ಲಿ ರಕ್ತ ಬರುತ್ತದೆಯೇ ಎಂದು ಕೇಳಿದಳು. ಕತ್ತು, ಕಂಕುಳು, ಹೊಟ್ಟೆ ಒತ್ತಿ ನೋಡಿದಳು. ಎಲ್ಲಕ್ಕೂ ಇಲ್ಲ, ಇಲ್ಲ. ಆಮೇಲೆ ಕಣ್ಣು ಕೆಳಗೆ ಹೋಯಿತು.

"ಕಾಲಿಗೇನಾಗೇತಿ?"

"ಏನಿಲ್ರಿ. ನಡದೀನಿ."

"ಎಲ್ಲಿಗಿ?"

ಭುವನೇಶ್ವರಿ ಹೇಳಿದಳು. ಯಾವ ವಾರ ನಡೆದದ್ದು, ಯಾವಾಗ ರಕ್ತ ಕೊಟ್ಟದ್ದು ಎಂದು ಡಾಕ್ಟರು ಬಿಡಿಸಿ ಬಿಡಿಸಿ ಕೇಳಿದಳು. ಎರಡು ಸಲವೂ ಗುಡಿಯಿಂದ ಸೀದಾ ಸೂಜಿಗೆ ಎಂದು ತಿಳಿದಾಗ ಹಣೆ ಚಚ್ಚಿಕೊಂಡಳು.

"ಯಾ ಅಲ್ಲಾ! ಅಕ್ಕಾ, ನಿಮ್ಮ ಚಾಳಿಗಿ ನೀರಿನ ಟ್ಯಾಂಕರ್ ಬಂದಾಗ ಮಂದಿನ್ನ ಎಣಿಸಿದ್ರ ಎಷ್ಟ ಆಗ್ತಾರ?"

ಈ ಹೆಂಗಸಿಗೆ ಹುಚ್ಚೇನು ಎನ್ನುವ ಹಾಗೆ ನೋಡಿದಳು ಭುವನೇಶ್ವರಿ. "ಎಣಿಸಾಕ ಎಲ್ಲಿ ಆಗ್ತದ್ರಿ? ಹಾಸಿಗಿ ಹಿಡದ ಮುದುಕರೂ ಕೊಡ ತಗೊಂಡು ಹೊರಗ ಬಂದಿರ್ತಾರ."

"ಹೊಸದಾಗಿ ಯಾರರ ಹುಟ್ಟಿರ್ತಾರೇನ?"

"ಇಲ್ರಿ. ಇದ್ದ ಮಂದಿನೇ."

"ಹಂಗ ತಿಳೀರಿ. ಬಿಳಿ ಕಣ ಎಲ್ಲಾ ಹೊತ್ತು ರಕ್ತದಾಗ ಹರೀತಿರೂದಿಲ್ಲ. ಭಾಳಷ್ಟು ನರದ ಗ್ವಾಡಿಗಿ ಆತು ಸುಮ್ಮ ಕುಂತಿರ್ತಾವ. ತಾಸಗಟ್ಲೆ ನಡದ್ರ, ಓಡಿದ್ರ, ಮೈ ಗಾಬರಿ ಆಗ್ತೈತಿ. ಏನೋ ಆಗೇತಿ, ಏಳ್ರಿ ಅಂತ ಒಳಗ ಒದರತೈತಿ. ಆಗ ಅವೆಲ್ಲಾ ಎದ್ದು ಹೊರಗ ಬರ್ತಾವ. ಎಲುಬಿನಾಗಿಂದ ಇನ್ನೊಂದಿಷ್ಟು ಇಳೀತಾವ. ಟ್ಯಾಂಕರ್ ಬಂದಾಗ ನೀವು ಮಂದಿ ಎಣಿಸೀರಿ, ಅಷ್ಟ." ಅವಳು ಹಾಳೆಯ ಕೆಳಗಿನ ಇನ್ನೊಂದು ಸಾಲು ತೋರಿಸಿದಳು. "ಇಲ್ಲಿ ನೋಡ್ರಿ, ಇನ್ನೊಂದು ನಮೂನಿ ಕಣ ಕಡಿಮಿ ಆಗ್ಯಾವ. ಇವು ಸತ್ತಿಲ್ಲ. ದಣಿವಾದ ಮ್ಯಾಲ ರಕ್ತ ಬಿಟ್ಟು ಲಂಗ್ಸಿಗಿ, ಕರುಳಿಗಿ ಕಾವಲಾ ಕಾಯಾಕ ಹೋಗಿರ್ತಾವ. ಒಂದು ದಿನದಾಗ ತಿರಗಿ ಬರ್ತಾವ."

ಕೇಳಲು ಚೆನ್ನಾಗಿತ್ತು. ಆದರೆ ಭುವನೇಶ್ವರಿಯ ಎದೆ ಇಳಿಯಲಿಲ್ಲ. ಪರೇಲಿನಲ್ಲೂ ಮೊದಮೊದಲು ಎಲ್ಲರೂ ಚೆನ್ನಾಗಿಯೇ ಮಾತಾಡಿದ್ದರು.

"ನನ್ನ ತಮ್ಮ ಎಲ್ಲಿಗೂ ನಡದಿರಲಿಲ್ರಿ," ಅಂದಳು ಸಣ್ಣ ದನಿಯಲ್ಲಿ. "ಅವಂಗೂ ಇಷ್ಟ ಇತ್ತು."

ಡಾಕ್ಟರು ಎರಡೂ ಹಾಳೆ ಮಡಿಚಿ ಅವಳ ಕೈಗೆ ಕೊಟ್ಟಳು. "ಹೌದು. ಅದಕ್ಕ ನಾ ಏನೂ ಇಲ್ಲ ಅಂತ ಇವತ್ತು ಹೇಳಂಗಿಲ್ಲ. ದಣಿದ ರಕ್ತಾ ಖರೆ ಹೇಳಂಗಿಲ್ಲ, ಅಷ್ಟ ಹೇಳ್ತೀನಿ. ಈಗ ರಕ್ತ ತಗೊಂಡ್ರ ಈ ಕಾಲಿನ ಕೀವಿಗೂ ಏರಿರ್ತೈತಿ, ಮತ್ತ ನೀವು ಅಂಜತೀರಿ. ಗುಳಿಗಿ ಕೊಡ್ತೀನಿ, ಮುಲಾಮು ಹಚ್ಚರಿ. ಲೋಕಲಿನಾಗ ಅಡ್ಯಾಡ್ರಿ. ನೀರು ಕುಡೀರಿ, ನಿದ್ದಿ ಮಾಡ್ರಿ. ಮಂಗಳವಾರ ಮುಂಜಾನಿ ಬಂದು ರಕ್ತ ಕೊಡ್ರಿ. ಲ್ಯಾಬಿನವರಿಗಿ ಕಣಗಳನ್ನ ದೊಡ್ಡದ ಮಾಡಿ ತೋರ್ಸೋ ದುರ್ಬೀನಿನಾಗ ಇಟ್ಟು ನೋಡಾಕ ಹೇಳ್ತೀನಿ. ಆದ್ರ ಈ ಸೋಮವಾರ ನಡೀಬ್ಯಾಡ್ರಿ."

ನಡೆಯಬೇಡ! ಹೊರಗೆ ಬಂದ ಭುವನೇಶ್ವರಿಗೆ ಹೊಸ ಬೆವರು ಇಳಿಯಿತು. ಐದು ವಾರ ಎಂದು ಮಾತು ಕೊಟ್ಟು ಎರಡಕ್ಕೇ ಮುರಿದರೆ? ನಡೆದರೆ ರಕ್ತ ಸುಳ್ಳು ಹೇಳುತ್ತದೆ, ನಡೆಯದಿದ್ದರೆ ದೇವರು ಸಿಟ್ಟಾಗುತ್ತಾನೆ. ಡಾಕ್ಟರ ಮಾತು ನಂಬಲೋ, ದೇವರಿಗೆ ಹೆದರಲೋ? ಅಕಸ್ಮಾತ್ ಡಾಕ್ಟರ ಮಾತೇ ನಿಜವಾಗಿ, ಹರಕೆ ಮುರಿದ ತಪ್ಪಿಗೆ ಮಗಳು ಫೇಲಾದರೆ?

ಭಾನುವಾರ ನಳದ ಹತ್ತಿರ ಗುರುಬಾಯಿಗೆ ಒಂದು ಸುಳ್ಳು ಹೇಳಿದಳು, ಹೆಂಗಸರಿಗೆ ಯಾವಾಗಲೂ ಒದಗುವ ಸುಳ್ಳು. "ಈ ವಾರ ನಾ ಬರಂಗಿಲ್ಲಕ್ಕಾ. ಹೊರಗಾಗೀನಿ."

"ಅಯ್ಯ, ಅದಕ್ಯಾಕ ಮಾರಿ ಸಣ್ಣ ಮಾಡ್ತಿ?" ಅಂದಳು ಗುರುಬಾಯಿ. "ಮನ್ಯಾಗಿನವರು ಯಾರರ ನಿನ್ನ ಬದ್ಲಿ ನಡದ್ರ ಲೆಕ್ಕ ಮುರಿಯಂಗಿಲ್ಲ. ನಿನ್ನ ಗಂಡಗ ಹೇಳು."

ನಾಲ್ಕು ಹೆಜ್ಜೆ ಆಚೆ ಡ್ರಮ್ಮಿಗೆ ನೀರು ತುಂಬುತ್ತಿದ್ದ ಬಸವಂತರಾಯನನ್ನು ನೋಡಿ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಭುವನೇಶ್ವರಿಯೂ ನಗಬೇಕೆಂದು ನಕ್ಕಳು. ಗುಡಿಯ ಹೊಸ್ತಿಲು ಕಾಣದ ಮನುಷ್ಯ ಅವನು. ಕೇಳುವ ಮಾತೇ ಇಲ್ಲ.

ಸೋಮವಾರ ಸಂಜೆ ಅವನು ಕೆಲಸದಿಂದ ಬಂದವನೇ ಮೈ ತೊಳೆದುಕೊಂಡು ಮತ್ತೆ ಹೊರಟ. "ಇವತ್ತ ಸ್ಲ್ಯಾಬ್ ಅದ. ಮುಂಜಾನಿ ಬರ್ತೀನಿ."

"ತಡೀರಿ, ಡಬ್ಬಿ ಕಟ್ತೀನಿ."

"ಬ್ಯಾಡ," ಅಂದು ಹೋದ. ಸ್ಲ್ಯಾಬ್ ಹಾಕುವ ದಿನ ರಾತ್ರಿಯಿಡೀ ಕೆಲಸ ನಡೆಯುವುದು ಹೊಸದಲ್ಲ. ಅವನು ಮನೆಯಲ್ಲಿರದಿದ್ದರೆ ಬೆಳಿಗ್ಗೆ ಹೋಗಲು ಸಲೀಸು ಎಂದು ಭುವನೇಶ್ವರಿಗೆ ಒಳಗೊಳಗೇ ಹಗುರವಾಯಿತು.

ಬೆಳಿಗ್ಗೆ ರಕ್ತ ಕೊಟ್ಟಳು. ಅಂಜುಮ ಮಧ್ಯಾಹ್ನ ಬಾ ಅಂದಿದ್ದಳು, ಇವಳು ಮನೆಗೆ ಹೋಗದೆ ದವಾಖಾನೆಯ ಬೆಂಚಿನ ಮೇಲೇ ಕೂತಳು. ಗೋಡೆಯ ಮೇಲಿನ ಫ್ಯಾನು ಕಟಕಟ ಅನ್ನುತ್ತಿತ್ತು. ಒಂದು ಮಗು ಅಳುತ್ತಿತ್ತು. ಈ ಹೊತ್ತಿಗೆ ಗುರುಬಾಯಿಯವರದು ದರ್ಶನವಾಗಿರುತ್ತದೆ, ನಾನು ಇಲ್ಲಿ ದೇವರಿಗೆ ಸುಳ್ಳು ಹೇಳಿ ಕೂತಿದ್ದೇನೆ ಅನ್ನಿಸಿತು. ಅನಿಲನ ಮೊದಲ ಇಂಜೆಕ್ಷನ್ ದಿನ ನೆನಪಾಯಿತು, ಅವನು ಹಿಡಿದುಕೊಂಡಿದ್ದ ಕೈ ಇದೇ. ಅದನ್ನು ಸೆರಗಿನಲ್ಲಿ ಸುತ್ತಿ ಮುಚ್ಚಿಟ್ಟಳು. ಶಿವೂನ ಮದುವೆಗೆ ಯಾರು ಮುಂದೆ ನಿಲ್ಲುತ್ತಾರೆ, ಗುರುಬಾಯಿಗೆ ಹೇಳಿಡಬೇಕು ಎಂದು ಯೋಚಿಸುತ್ತ ಕೂತಳು.

"ಭುವನಕ್ಕಾ, ಒಳಗ ಬರ್ರಿ."

ಭುವನೇಶ್ವರಿ ಬೆಂಚು ಬಿಟ್ಟು ಏಳಲಿಲ್ಲ. ಅಂಜುಮಳೇ ಹೊರಗೆ ಬಂದು ಪಕ್ಕದಲ್ಲಿ ಕೂತು ಹಾಳೆಯನ್ನು ತೊಡೆಯ ಮೇಲಿಟ್ಟಳು. "ಓದ್ರಿ. ಆ ಸಾಲ ನಿಮಗ ಬರ್ತೈತಲ್ಲ."

ಏಳು ಸಾವಿರ. ದಪ್ಪ ಅಕ್ಷರ ಇರಲಿಲ್ಲ.

"ಇದು ನಂದೇ ಏನ್ರಿ?"

"ಹೆಸರ ನೋಡ್ರಿ."

"ಮತ್ತೊಮ್ಮಿ ನೋಡಂತ ಹೇಳ್ರಿ ಅವರಿಗಿ."

"ದುರ್ಬೀನಿನಾಗ ನೋಡ್ಯಾರ. ಎಲ್ಲಾ ಬಲತ ಕಣ, ಕೆಟ್ಟದ್ದೊಂದೂ ಇಲ್ಲ. ಕಡಿಮಿ ಆಗಿದ್ದವೂ ತಿರಗಿ ಬಂದಾವ. ನಿಮಗೇನೂ ಆಗಿಲ್ಲ ಅಕ್ಕಾ. ನೀವು ಭಾಳ ನಡದೀರಿ, ಅಷ್ಟ."

ಭುವನೇಶ್ವರಿ ಅತ್ತಳು. ಅಳುವ ಮಗುವೂ ಅಳು ನಿಲ್ಲಿಸಿ ನೋಡುವ ಹಾಗೆ ಅತ್ತಳು. ತನಗಾಗಿ ಅತ್ತಳೋ, ಆ ಸಾಲು ಇಳಿಯಲಿ ಎಂದು ಕಾದು ಕಾದು ಹೋದ ತಮ್ಮನಿಗಾಗಿ ಅತ್ತಳೋ ಅವಳಿಗೂ ತಿಳಿಯಲಿಲ್ಲ. ಹೊರಗೆ ಬಂದಾಗ ಓಡಬೇಕೆನ್ನಿಸಿತು. ಓಡಲು ಹೆದರಿ ಮೆಲ್ಲಗೆ ನಡೆದಳು.

ಮನೆಯ ಬಾಗಿಲು ತೆರೆದಿತ್ತು. ಬಸವಂತರಾಯ ಹೊಸ್ತಿಲ ಒಳಗೆ ಕೂತು ಎರಡೂ ಕಾಲನ್ನು ಉಪ್ಪು ನೀರಿನ ಬಕೀಟಿನಲ್ಲಿ ಇಳಿಬಿಟ್ಟಿದ್ದ. ಪಾದ ಊದಿದ್ದವು, ಬೆರಳ ಸಂದಿಯಲ್ಲಿ ಬೊಬ್ಬೆ ಒಡೆದಿದ್ದವು. ಹಣೆಯಲ್ಲಿ ಕುಂಕುಮ. ಶೆಲ್ಫಿನ ಮೇಲೆ ದಾಸವಾಳದ ಹೂವು, ಲಾಡುವಿನ ಪೊಟ್ಟಣ. ಭುವನೇಶ್ವರಿ ಬಾಗಿಲಲ್ಲೇ ಕಂಬದ ಹಾಗೆ ನಿಂತಳು.

"ಡಾಕ್ಟರ್ ಬಾಯಿ ಏನಂದ್ರು?" ಅಂದ ಅವನು, ನೀರಿನತ್ತ ನೋಡುತ್ತ.

"ಯಾ ಡಾಕ್ಟರ್?"

"ರಕ್ತ ಕೊಟ್ಟಾಗ ನಂಬರ ಯಾರದ ಹೇಳಿದ್ದಿ?"

ಆಗ ಅವಳಿಗೆ ಹೊಳೆಯಿತು. ಹಾಳೆ ಅವಳ ಕೈಗೆ ಬರುವ ಮೊದಲೇ ಶಿಬಿರದವರು ಅದನ್ನು ಅವನ ಮೊಬೈಲಿಗೆ ಕಳಿಸಿದ್ದರು. ಸೈಟಿನಲ್ಲಿ ಯಾರಾದರೂ ಓದಿ ಹೇಳುವುದೂ ಬೇಕಿರಲಿಲ್ಲ. ಆ ಮೂರು ಅಕ್ಷರ ಪರೇಲಿನ ಫುಟ್‌ಪಾತಿನಲ್ಲಿ ಅವನೂ ಕಲಿತಿದ್ದ. ಹಿಂದಿನ ಶನಿವಾರ ದವಾಖಾನೆಯಿಂದ ಅವಳು ಕುಂಟುತ್ತ ಹೊರಬಂದದ್ದನ್ನೂ ಗಲ್ಲಿಯ ಮೂಲೆಯಲ್ಲಿ ನಿಂತು ನೋಡಿದ್ದ.

"ಎಲ್ಲಾ ಗೊತ್ತಿದ್ದು ಸುಮ್ಮನಿದ್ರೇನು?" ಸಿಟ್ಟು ಉಕ್ಕಿ ಬಂತು ಅವಳಿಗೆ. "ನಾ ಒಬ್ಬಾಕೀನೇ ಸಾಯ್ಲತ್ತಿದ್ದೆ ಇಲ್ಲಿ!"

"ಇವತ್ತ ಹೇಳ್ತಿ, ನಾಳಿ ಹೇಳ್ತಿ ಅಂತ ಕಾದೆ. ನೀ ಮಗಳಿಗಿ ರೊಟ್ಟಿ ಕಲಸ್ಲತ್ತಿದ್ದಿ." ಅವನು ಕಾಲನ್ನು ಬಕೀಟಿನೊಳಗೆ ಇನ್ನಷ್ಟು ಒತ್ತಿದ. "ಬಾಯಿ ಬಿಟ್ಟು ಕೇಳಿದ್ರ ಖರೆ ಆಗ್ತದ ಅಂತ ಅಂಜಿಕಿ ಬಂತು ನನಗ."

ಅವಳು ಹಾಳೆಯನ್ನು ಅವನ ಕಣ್ಣ ಮುಂದೆ ಹಿಡಿದಳು. ಅವನು ಬೆರಳಿಟ್ಟು ಸಾಲು ಹುಡುಕಿದ. ಸಿಕ್ಕಿತು. ಒಂದು ಸಲ ನೋಡಿದ, ಇನ್ನೊಂದು ಸಲ ನೋಡಿದ. ಹದಿನಾಲ್ಕನೇ ಮಾಳಿಗೆಯ ಅಂಚಿನಲ್ಲಿ ಬೀಡಿ ಕಚ್ಚಿಕೊಂಡು ನಡೆಯುವ ಗಂಡಸು ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಬಕೀಟಿನ ನೀರು ತುಳುಕಿ ನೆಲವೆಲ್ಲ ಒದ್ದೆಯಾಯಿತು.

ಭುವನೇಶ್ವರಿ ಆ ಒದ್ದೆಯಲ್ಲೇ ಕೂತು ಅವನ ಒಂದು ಪಾದವನ್ನು ತೊಡೆಯ ಮೇಲೆ ಎಳೆದುಕೊಂಡಳು. ಡಾಕ್ಟರು ಕೊಟ್ಟ ಮುಲಾಮು ಇನ್ನೂ ಅರ್ಧ ಉಳಿದಿತ್ತು.

"ದೇವರ ಮುಂದ ನಿಂತು ಏನ ಬೇಡ್ಕೊಂಡ್ರಿ?"

"ಬೇಡಾಕ ಎಲ್ಲಿ ಬರ್ತದ ನನಗ? ನಿನ್ನ ಹೆಸರ ಹೇಳಿದೆ. ಅಕಿನ್ನ ಬಿಡು, ಅಕಿ ಬದ್ಲಿ ನಾ ಬಂದೀನಿ ಅಂದೆ. ಅಷ್ಟ."

ಅವಳ ಕೈ ಬೊಬ್ಬೆಯ ಮೇಲೆ ನಿಂತುಬಿಟ್ಟಿತು. ಇಷ್ಟು ದಿನದ ಹೆದರಿಕೆಯೆಲ್ಲ ಒಂದು ಕಡೆ, ಆ ಒಂದು ಮಾತಿಗೆ ಆದ ಹೆದರಿಕೆ ಒಂದು ಕಡೆ. ಅವನ ಪಾದವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

"ಹಂಗ ಯಾರರ ಅಂತಾರೇನ? ಮುಂದಿನ ವಾರ ಹೋಗಿ ಆ ಮಾತ ವಾಪಸ ತಗೊಂಡು ಬರ್ರಿ."

"ಮತ್ತ ನಾನೇ ನಡೀಬೇಕೇನ?"

"ಇಬ್ರೂ ನಡಿಯೋಣ," ಅಂದಳು. "ಚಪ್ಪಲಿ ಹಾಕ್ಕೊಂಡು, ಮೆಲ್ಲಕ."